ಉಳಿದ ಕಿವಿ

ಮೂಡಲಗಿಯ ದನದ ಸಂತೆಗೆ ನಾನು ಹೋದದ್ದು ದನ ಕೊಳ್ಳುವುದಕ್ಕಲ್ಲ. ಪರಿಚಯದವರೊಬ್ಬರ ಮಗಳ ಮದುವೆಯ ಮಾತುಕತೆಗೆಂದು ಅವರ ಜೊತೆ ಆ ಊರಿಗೆ ಹೋಗಿದ್ದೆ. ಅವರು ಒಳಗೆ ಕೊಡುವ ತರುವ ಮಾತಿಗೆ ಕುಳಿತಾಗ ನಾನು ಎದ್ದು ಹೊರಗೆ ಬಂದೆ. ಒಂದು ಕಡೆ ಕೂರುವ ಸ್ವಭಾವ ನನಗೆ ಮೊದಲಿನಿಂದಲೂ ಇಲ್ಲ. ಸಂತೆಯ ಮೂಲೆಯಲ್ಲಿ ಒಬ್ಬ ಮುದುಕ ಬೇವಿನೆಣ್ಣೆ ಕಾಯಿಸಿ, ಅದರಲ್ಲಿ ಅರಿಶಿಣ ಕಲಸಿ, ಎತ್ತಿನ ಹೆಗಲ ಹುಣ್ಣಿಗೆ ಒತ್ತುತ್ತಿದ್ದ. ಎತ್ತು ಒದರಾಡುತ್ತಿತ್ತು. ಕೊಳೆತ ಮಾಂಸ, ಬಿಸಿ ಎಣ್ಣೆ, ಅರಿಶಿಣ ಮೂರೂ ಕೂಡಿದ ಆ ವಾಸನೆ ಬಡಿದದ್ದೇ ತಡ, ನನ್ನ ಬಾಯಲ್ಲಿ ನೀರು ತುಂಬಿಕೊಂಡಿತು. ವಾಂತಿಗೆ ಮುಂಚೆ ಬರುತ್ತದಲ್ಲ, ಅಂಥ ನೀರು.

ಘೋಡಗೇರಿಯ ಆ ಮಳೆಗಾಲವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೊಳೆಯ ದಂಡೆಯಲ್ಲಿ ನಿಂತಿದ್ದೆ, ಜೀವಂತ ಎಮ್ಮೆಯ ಬಲಗಿವಿಯನ್ನು ಹೆಂಗಸರು ಕುಡಗೋಲಿನಿಂದ ಕೊಯ್ದದ್ದನ್ನು ಕಣ್ಣಾರೆ ಕಂಡೆ, ನೆತ್ತರು ನನ್ನ ಅಂಗಿಗೆ ಸಿಡಿಯಿತು ಎಂದು. ಕೇಳಿದವರು ಮುಖ ಹಿಂಡುತ್ತಿದ್ದರು. ಮುದುಕನ ಮುಂದೆ ನಿಂತಾಗ ಮೊದಲ ಬಾರಿಗೆ ಒಂದು ಸಣ್ಣ ಲೆಕ್ಕ ತಪ್ಪಿತು. ಆ ದಿನ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ನಾನಿದ್ದ ಗೋಕಾಕದಿಂದ ಒಂದು ಬಸ್ಸೂ ಬಿಟ್ಟಿರಲಿಲ್ಲ. ನಾನು ದಂಡೆಗೆ ಹೋದದ್ದಾದರೂ ಹೇಗೆ?

ಮರುದಿನ ಬೆಳಗಾವಿಗೆ ಹೋಗಬೇಕಾದವನು ದಾರಿಯಲ್ಲೇ ಇಳಿದು ಘೋಡಗೇರಿಯ ಕಡೆಗೆ ಹೋಗುವ ಟಂಟಂ ಆಟೋ ಹತ್ತಿದೆ.

ಆಗ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿದ್ದೆ. ಬಡ ಹೆಂಗಸರಿಗೆ ಸಾಲ ಕೊಟ್ಟರೆ ಬಡತನ ಹೋಗುವುದಿಲ್ಲ ಎಂದು ನನ್ನ ಪ್ರಬಂಧದಲ್ಲಿ ಬರೆದಿದ್ದೆ. ಅದು ಮುಗಿದ ಮೇಲೆ ಎಲ್ಲೂ ಕೆಲಸ ಸಿಗದೆ, ಬಡ ಹೆಂಗಸರಿಗೆ ಸಾಲ ಕೊಡುವ ಒಂದು ಸಂಸ್ಥೆಯನ್ನೇ ಗೋಕಾಕದಲ್ಲಿ ಸೇರಿಕೊಂಡೆ. ಮಮದಾಪುರ, ಘೋಡಗೇರಿ, ಮೂಡಲಗಿಯ ಸುತ್ತಲಿನ ಕೆಲವು ಹಳ್ಳಿಗಳು ನನ್ನ ಪಾಲಿಗೆ ಬಂದವು. ಸಾಲದ ಜೊತೆಗೆ ಸಂಸ್ಥೆ ಬೇರೆ ಸೇವೆಗಳನ್ನೂ ಕೊಡುತ್ತಿತ್ತು: ಹೊಲಿಗೆ ತರಬೇತಿ, ದನದ ಡಾಕ್ಟರು, ಎಮ್ಮೆಗೆ ವಿಮೆ. ಐದೈದು ಹೆಂಗಸರ ಒಂದೊಂದು ಗುಂಪು. ಒಬ್ಬಳ ಸಾಲಕ್ಕೆ ಉಳಿದ ನಾಲ್ವರು ಜಾಮೀನು. ವಾರಕ್ಕೊಮ್ಮೆ ಬೆಳಿಗ್ಗೆ ಬಸವಣ್ಣನ ಗುಡಿಯ ಕಟ್ಟೆಯ ಕೆಳಗೆ ಸಾಲಾಗಿ ಕೂರುತ್ತಿದ್ದರು. ಐವರ ಕಂತೂ ಬರುವವರೆಗೆ ಯಾರೂ ಏಳುವಂತಿರಲಿಲ್ಲ. ಒಬ್ಬಳು ತಡ ಮಾಡಿದರೆ ಉಳಿದವರ ಹೊಲದ ಕೂಲಿ ಹೋಗುತ್ತಿತ್ತು. ಹಾಗಾಗಿ ಅಲ್ಲಿ ಬೈಗುಳ ನಡೆಯುತ್ತಿತ್ತು, ಒಮ್ಮೊಮ್ಮೆ ಜಡೆಗೂ ಕೈ ಹೋಗುತ್ತಿತ್ತು. ನಮ್ಮ ಸಂಸ್ಥೆಯ ಹೊಳೆಯುವ ಕಾಗದದ ವರದಿಯಲ್ಲಿ ಇದನ್ನು ಪರಸ್ಪರ ಸಹಕಾರ ಎಂದು ಬರೆಯುತ್ತಿದ್ದರು.

ಘೋಡಗೇರಿಯ ಗುಂಪಿನ ಮುಖ್ಯಸ್ಥೆ ಮಾದೇವಕ್ಕ. ಹಣೆತುಂಬ ವಿಭೂತಿ ಹಚ್ಚುತ್ತಿದ್ದ, ಗಟ್ಟಿ ದನಿಯ ಹೆಂಗಸು. ಗಂಡನಿಲ್ಲದ ಮನೆಯನ್ನೂ ಎರಡು ಎಕರೆ ಹೊಲವನ್ನೂ ಒಬ್ಬಳೇ ಎಳೆಯುತ್ತಿದ್ದಳು. ಅವಳ ಪಕ್ಕದಲ್ಲಿ ಕೂರುತ್ತಿದ್ದವಳು ಯಲ್ಲವ್ವ, ಕುರುಬರ ಮನೆಯ ಸೊಸೆ. ಮೂವತ್ತರ ಆಸುಪಾಸು. ಕುರಿ ಮಾರಿ ಹೊಲಕ್ಕೆ ಇಳಿದ ಮನೆ ಅದು. ಗಂಡ ಭೀಮಪ್ಪ ಹೊಳೆಯ ದಂಡೆಗೆ ಹತ್ತಿದ ತುಂಡು ಹೊಲದಲ್ಲಿ ಕಬ್ಬು ಹಾಕಿದ್ದ. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಗಂಡನ ಕೈಗೆ ಬರುತ್ತಿತ್ತು. ಯಲ್ಲವ್ವನ ಕೈಗೆ ದಿನಾ ಬೀಳುತ್ತಿದ್ದದ್ದು ಎಮ್ಮೆಯ ಹಾಲಿನ ಕಾಸು ಮಾತ್ರ. ಸಾಲದಲ್ಲಿ ಕೊಂಡ ಎಮ್ಮೆ, ಹಣೆಯ ಮೇಲೆ ಬಿಳಿ ಚುಕ್ಕಿ, ಹೆಸರು ಚಂದ್ರಿ.

ವಿಮೆಯ ನಿಯಮವನ್ನು ಅವರಿಗೆ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ಎಮ್ಮೆಯ ಒಂದು ಕಿವಿಗೆ ಹಳದಿ ಬಿಲ್ಲೆ ಹೊಡೆಯುತ್ತಾರೆ, ಎಮ್ಮೆ ಸತ್ತರೆ ಬಿಲ್ಲೆಯ ಸಮೇತ ಆ ಕಿವಿಯನ್ನು ಕೊಯ್ದು ತರಬೇಕು, ಕಿವಿ ಇಲ್ಲದಿದ್ದರೆ ರೊಕ್ಕ ಇಲ್ಲ. ಶಾಲೆಯ ಮಕ್ಕಳಿಗೆ ಹೇಳಿದಂತೆ ಮತ್ತೆ ಮತ್ತೆ ಹೇಳಿ ಅವರ ಬಾಯಲ್ಲೂ ಹೇಳಿಸಿದ್ದೆ. ಒಂದು ದಿನ ಮಾದೇವಕ್ಕ ಕೈ ಎತ್ತಿದಳು.

“ಸರ, ಇವರ ಗಂಡಂದಿರಿಗೂ ವಿಮಾ ಮಾಡ್ಸೀರಲ್ರಿ. ಅವರು ಸತ್ತರ ಏನ್ ಕೊಯ್ದು ತರೂದ್ರಿ?”

ಕಟ್ಟೆಯ ಕೆಳಗೆ ನಗು ಎದ್ದು, ಗುಡಿಯ ಮೇಲಿನ ಪಾರಿವಾಳಗಳೆಲ್ಲ ಹಾರಿದವು. ನನ್ನ ಕಿವಿ ಕೆಂಪಾದವು. ನಗು ಇಳಿದ ಮೇಲೆ ಯಲ್ಲವ್ವ ಮೆಲ್ಲಗೆ ಕೇಳಿದಳು, ಬಿಲ್ಲೆ ಹೊಡೆಯುವಾಗ ಎಮ್ಮೆಗೆ ನೋವಾಗುತ್ತದೆಯೇ ಎಂದು. ಸೊಳ್ಳೆ ಕಚ್ಚಿದಷ್ಟು ಎಂದೆ. ಡಾಕ್ಟರು ಬಂದು ಬಿಲ್ಲೆ ಹೊಡೆದ ದಿನ ಅವಳು ಚಂದ್ರಿಯ ತಲೆಯನ್ನು ಎದೆಗೆ ಅವುಚಿ ಹಿಡಿದಿದ್ದಳು. ಆ ಚಿತ್ರ ಖಂಡಿತ ನನ್ನದೇ. ಅವತ್ತು ನಾನಿದ್ದೆ.

ಆ ವರ್ಷ ಮಳೆ ಹೊಡೆಯಲು ಬಂದವನ ಹಾಗೆ ಬಂತು. ಘಟ್ಟದಲ್ಲಿ ಸುರಿದದ್ದೆಲ್ಲ ಹಿಡಕಲ್ ಡ್ಯಾಮಿಗೆ ಬಂದು, ಅಲ್ಲಿಂದ ನೀರು ಬಿಟ್ಟರು. ಗೋಕಾಕದ ತಗ್ಗಿನ ಓಣಿಗಳಿಗೆ ಹೊಳೆ ನುಗ್ಗಿತು. ನಮ್ಮ ಆಫೀಸಿನ ಕುರ್ಚಿಗಳು ಕಂದು ನೀರಿನಲ್ಲಿ ಬಾಗಿಲಿಗೆ ಡಿಕ್ಕಿ ಹೊಡೆಯುವ ಸದ್ದನ್ನು ನಾನು ಮಾಳಿಗೆಯ ಮೇಲೆ ಕುಳಿತು ಕೇಳಿದ್ದೇನೆ. ಹೆಣವಾದ ದನಗಳು ಹೊಟ್ಟೆ ಉಬ್ಬಿಸಿಕೊಂಡು, ಕಾಲು ಮೇಲೆ ಮಾಡಿಕೊಂಡು, ಒಂದರ ಹಿಂದೆ ಒಂದು ತೇಲಿ ಹೋಗುತ್ತಿದ್ದವು.

ಘೋಡಗೇರಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಗಂಡಸರೆಲ್ಲ ದಂಡೆಯ ಪಂಪ್‌ಸೆಟ್ಟುಗಳನ್ನು ಎತ್ತಿ ತರಲು ಹೋಗಿದ್ದರಂತೆ. ಹೊಳೆ ಏರಿದಾಗ ಗಂಡಸರು ಮೊದಲು ಓಡುವುದು ಪಂಪಿಗೆ. ಭೀಮಪ್ಪನೂ ಎದೆಮಟ್ಟದ ನೀರಿಗಿಳಿದಿದ್ದ. ಹೊಲದ ಕೊಟ್ಟಿಗೆಯಲ್ಲಿದ್ದ ಚಂದ್ರಿ ಕಟ್ಟಿದ ದಾವಣಿ ಹಗ್ಗ ಹರಿದುಕೊಂಡು ಮೇಲಕ್ಕೆ ಬರಲು ಹೋಗಿ, ಹಳ್ಳ ಹೊಳೆಗೆ ಕೂಡುವ ಕಡೆ ಕೆಸರಿನಲ್ಲಿ ಹೊಟ್ಟೆಯವರೆಗೆ ಹೂತುಹೋಯಿತು. ಐವರು ಹೆಂಗಸರೂ ಹಗ್ಗ ತಂದರು. ಎಳೆದರು, ಬಾರುಕೋಲಿನಿಂದ ಹೊಡೆದರು, ಬಾಲ ತಿರುವಿದರು. ಅಂಗೈಯ ಚರ್ಮ ಸುಲಿಯಿತೇ ಹೊರತು ಎಮ್ಮೆ ಅಲುಗಲಿಲ್ಲ. ನೀರು ಅದರ ಬೆನ್ನು ಮುಟ್ಟಿತು, ಆಮೇಲೆ ಕುತ್ತಿಗೆ. ಎಮ್ಮೆ ಕೂಗುವುದನ್ನು ನಿಲ್ಲಿಸಿ ಮೂಗಷ್ಟೇ ಮೇಲೆ ಎತ್ತಿ ನಿಂತಿತು.

ಇನ್ನೊಂದು ತೆರೆ ಬಂದರೆ ಎಮ್ಮೆಯೂ ಇಲ್ಲ, ಅದರ ಕಿವಿಯೂ ಇಲ್ಲ. ಸಾಲ ಮಾತ್ರ ಐವರ ತಲೆಯ ಮೇಲೆ. ಮಾದೇವಕ್ಕ ಸೊಂಟದಲ್ಲಿದ್ದ ಕುಡಗೋಲು ತೆಗೆದಳು. ಯಲ್ಲವ್ವನಿಗೆ ತಲೆ ಹಿಡಿ ಎಂದಳು. ಯಲ್ಲವ್ವ ಹಿಡಿದಳು. ಸತ್ತ ಮೇಲೆ ಕೊಯ್ಯಬೇಕಾದದ್ದನ್ನು ಸಾಯುವ ಮುಂಚೆ ಕೊಯ್ದರು.

ಎಮ್ಮೆಯ ಕಿವಿ ದಪ್ಪ. ಒಂದೇ ಏಟಿಗೆ ಬರಲಿಲ್ಲ. ಎರಡನೆಯ ಸಲ ಕುಡಗೋಲು ಎಳೆದಾಗ ಚಂದ್ರಿ ಅರಚಿದ್ದು ಮೇಲಿನ ಕೇರಿಗೂ ಕೇಳಿಸಿತಂತೆ. ಅಷ್ಟು ಹೊತ್ತು ಐದು ಜನ ಎಳೆದರೂ ಬಾರದಿದ್ದ ಎಮ್ಮೆ ಆ ನೋವಿಗೆ ನಾಲ್ಕೂ ಕಾಲು ಕಿತ್ತುಕೊಂಡು, ಕೆಸರನ್ನು ಸೀಳಿಕೊಂಡು ಎದ್ದಿತು. ಮಾದೇವಕ್ಕನನ್ನು ಕೊಂಬಿನಿಂದ ಎತ್ತಿ ಎಸೆದು, ಅವಳ ಎಡಗೈ ಮುರಿದು, ಕಬ್ಬು ತುಳಿದು, ತಲೆಯಿಂದ ನೆತ್ತರು ಸುರಿಸುತ್ತ ಊರೊಳಗೆ ನುಗ್ಗಿತು. ಹಿಂದೆ ಕೆಸರಲ್ಲಿ ಬಿದ್ದ ಮಾದೇವಕ್ಕನ ಬಲಗೈಯಲ್ಲಿ ಹಳದಿ ಬಿಲ್ಲೆಯ ಕಿವಿ ಹಾಗೇ ಇತ್ತು.

ನಾನು ಊರಿಗೆ ಹೋಗುವಾಗ ನೀರು ಇಳಿದಿತ್ತು. ಟ್ರ್ಯಾಕ್ಟರಿನ ಹಿಂದೆ ನಿಂತು ಹೋದದ್ದು ಈಗ ಸ್ಪಷ್ಟವಾಗಿ ನೆನಪಾಗುತ್ತದೆ. ಆದರೆ ಇಷ್ಟು ದಿನ ಆ ಟ್ರ್ಯಾಕ್ಟರನ್ನು ಮರೆತು ದಂಡೆಯನ್ನು ಹೇಗೆ ನೆನಪಿಟ್ಟುಕೊಂಡಿದ್ದೆನೋ ತಿಳಿಯದು. ಯಲ್ಲವ್ವನ ಮನೆಯ ಹಿಂದಿನ ಗೋಡೆ ಕುಸಿದಿತ್ತು. ಅಂಗಳದಲ್ಲಿ ಚಂದ್ರಿ ನಿಂತಿತ್ತು. ಕಿವಿ ಇದ್ದ ಕಡೆ ಹಳ್ಳ ಬಿದ್ದು ಹುಳ ಆಡುತ್ತಿದ್ದವು. ಯಲ್ಲವ್ವ ಕಡ್ಡಿಯಿಂದ ಒಂದೊಂದೇ ಹುಳ ತೆಗೆದು, ಕಾಯಿಸಿದ ಬೇವಿನೆಣ್ಣೆಯಲ್ಲಿ ಅರಿಶಿಣ ಹಾಕಿ ತುಂಬುತ್ತಿದ್ದಳು. ತಲೆ ಹಿಡಿಯಿರಿ ಸರ ಎಂದಳು. ಹಿಡಿದೆ. ಎಮ್ಮೆ ತಲೆ ಕೊಡವಿತು. ನನ್ನ ಅಂಗಿಗೆ ನೆತ್ತರು ಹತ್ತಿದ್ದು ಆಗಲೇ ಇರಬೇಕು.

ಕಿವಿ ಒಂದು ಸ್ಟೀಲ್ ಡಬ್ಬಿಯಲ್ಲಿ ಉಪ್ಪಿನೊಳಗಿತ್ತು. ಎಲ್ಲರ ಮಾತೂ ಆ ಡಬ್ಬಿಯ ಸುತ್ತಲೇ ನಡೆಯುತ್ತಿತ್ತು.

ಭೀಮಪ್ಪ ಕೆಟ್ಟವನೇನಲ್ಲ. ಜೀವ ಒತ್ತೆಯಿಟ್ಟು ಹಿಡಿದ ಪಂಪ್‌ಸೆಟ್ಟು ಅವನ ಕೈಯಿಂದಲೇ ಹೊಳೆಯ ಪಾಲಾಗಿತ್ತು. ಪಂಪಿಲ್ಲದೆ ಕಬ್ಬಿಲ್ಲ. ಅವನು ಡಬ್ಬಿಯನ್ನು ತೋರಿಸಿ ಹೇಳಿದ:

“ಕಿವಿ ಡಬ್ಬ್ಯಾಗೈತಿ. ಎಮ್ಮಿ ಹೊಳಿ ಪಾಲಾತು ಅಂದ್ರ ಯಾರ್ ಬಂದು ಹೊಳಿ ಸೋಸ್ತಾರ್ರಿ, ಸರ?”

ವಿಮೆಯ ರೊಕ್ಕ ಬಂದರೆ ಸಾಲ ತೀರುತ್ತದೆ. ಚಂದ್ರಿಯನ್ನು ಮೂಡಲಗಿಯ ದಲಾಲಿಗೆ ಸದ್ದಿಲ್ಲದೆ ಕೊಟ್ಟರೆ ಪಂಪು ಬರುತ್ತದೆ. ಹೊಳೆಯಲ್ಲಿ ಊರೂರಿನ ದನ ಹೋಗಿರುವಾಗ ಒಂದು ಎಮ್ಮೆಯ ಸುಳ್ಳು ಯಾರಿಗೂ ಕಾಣುವುದಿಲ್ಲ. ಗುಂಪಿನ ಉಳಿದ ಮೂವರೂ ಅವನ ಕಡೆಗೇ ಇದ್ದರು. ಅವರ ಗೋಡೆಗಳೂ ಬಿದ್ದಿದ್ದವು. ಯಲ್ಲವ್ವನ ಸಾಲ ತೀರಿದರೆ ಅವರ ಜಾಮೀನೂ ಹಗುರ. ಮಾದೇವಕ್ಕನಂತೂ ಕೊರಳಿಗೆ ಕೈ ಕಟ್ಟಿಕೊಂಡು ಬಂದು, ಕೊಯ್ದ ಪಾಪ ನನ್ನದು, ಅದರ ಫಲವಾದರೂ ಬರಲಿ ಎಂದಳು. ನಾನು ನಿಯಮ ಹೇಳಲು ಬಾಯಿ ತೆರೆದೆ. ನಿಯಮದಿಂದಲೇ ಕಿವಿ ಹೋಯಿತಲ್ಲ ಎಂದು ಒಬ್ಬಳು ಅಂದಳು.

ಯಲ್ಲವ್ವ ಮಾತ್ರ ಒಪ್ಪಲಿಲ್ಲ. ಜೀವ ಇರುವುದನ್ನು ಸತ್ತಿದೆ ಎಂದು ಹೇಗೆ ಬರೆಸಲಿ ಎಂಬುದೊಂದೇ ಅವಳ ಮಾತು. ಆ ದಲಾಲಿ ಕೊಂಡ ಎಮ್ಮೆ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಚಂದ್ರಿ ಹೋದ ಮೇಲೆ ತನ್ನ ಕೈಗೆ ಒಂದು ಕಾಸೂ ಬೀಳುವುದಿಲ್ಲವೆಂದೂ ಗೊತ್ತಿತ್ತು. ಆದರೆ ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಗೊತ್ತಿತ್ತೆಂದು ನಾನು ಬರೆಯುತ್ತಿದ್ದೇನೆ, ನನ್ನ ಊಹೆಯೂ ಇರಬಹುದು.

ಮುಂದಿನ ವಾರದ ಸಭೆಯ ಬೆಳಿಗ್ಗೆ ಹೆಂಗಸರು ಕಟ್ಟೆಗೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಎಲ್ಲರೂ ಯಲ್ಲವ್ವನ ಅಂಗಳದಲ್ಲಿದ್ದರು. ದಲಾಲಿಯ ಗೂಡ್ಸ್ ಗಾಡಿ ಹಿಂಬದಿಯ ಹಲಗೆ ಇಳಿಸಿಕೊಂಡು ನಿಂತಿತ್ತು. ಭೀಮಪ್ಪ ಚಂದ್ರಿಯ ಕೊಂಬಿಗೆ ಹಗ್ಗ ಬಿಗಿಯುತ್ತಿದ್ದ. ಯಲ್ಲವ್ವ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದಳು. ಅವಳ ಕೆಳತುಟಿ ಆಗಲೇ ಒಡೆದಿತ್ತು. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ.

ಅವಳು ಅಂಗಳದ ನಡುವೆ ಬಂದಳು. ಡಬ್ಬಿಯ ಮುಚ್ಚಳ ತೆಗೆದು, ಉಪ್ಪು ಕೊಡವಿ, ಕಿವಿಯನ್ನು ಬಿಲ್ಲೆಯ ಸಮೇತ ಓಣಿಯ ನಾಯಿಗಳ ಕಡೆಗೆ ಎಸೆದಳು.

ಪ್ರವಾಹದಲ್ಲಿ ಹಸಿದ ನಾಯಿಗಳು. ಒಂದಕ್ಕೊಂದು ಕಚ್ಚಾಡಿ, ಒಂದು ನಾಯಿ ಕಿವಿಯನ್ನು ಕಸಿದುಕೊಂಡು ಬಿದ್ದ ಗೋಡೆ ಹಾರಿ ಓಡಿತು. ಹಳದಿ ಬಿಲ್ಲೆ ಅದರ ಬಾಯಿಂದ ಹೊರಗೆ ತೂಗಾಡುತ್ತಿತ್ತು. ಸಾಲ ತೀರುವುದೂ, ಜಾಮೀನು ಹಗುರಾಗುವುದೂ ಅದರ ಬಾಯಲ್ಲೇ ಹೋದವು.

ಆಮೇಲಿನ ಮೊದಲ ಏಟು ಭೀಮಪ್ಪನದಲ್ಲ. ಮಾದೇವಕ್ಕ ನೆಟ್ಟಗೆ ಬಂದು, ಸರಿಯಿದ್ದ ಕೈಯಿಂದ ಯಲ್ಲವ್ವನ ಕೆನ್ನೆಗೆ ಬಾರಿಸಿದಳು. ಯಲ್ಲವ್ವ ನೆಲಕ್ಕೆ ಬಿದ್ದಳು. ಆಮೇಲೆ ಭೀಮಪ್ಪ ಬಂದ. ಎಮ್ಮೆಗೆಂದು ತಂದಿದ್ದ ಹಗ್ಗವನ್ನು ಇಮ್ಮಡಿ ಮಾಡಿ ಅವಳ ಬೆನ್ನಿಗೆ ಹೊಡೆದ, ಮತ್ತೆ ಹೊಡೆದ. ಒದ್ದೆ ಹಗ್ಗ ಮೈಮೇಲೆ ಬೀಳುವ ಸದ್ದು ಬಟ್ಟೆ ಒಗೆಯುವ ಸದ್ದಿನ ಹಾಗಿರುತ್ತದೆ. ಮತ್ತೊಮ್ಮೆ ಕೈ ಎತ್ತಿದಾಗ ಮಾದೇವಕ್ಕ ನಡುವೆ ಬಂದು ನಿಂತಳು. ಹಗ್ಗ ಅವಳ ಮುರಿದ ಕೈಗೇ ಬಿತ್ತು. ಅವಳು ಕೂಗಲಿಲ್ಲ.

“ಆಕಿ ಸಾಲಕ್ಕ ಸಹಿ ಮಾಡ್ದಾಕಿ ನಾ,” ಎಂದಳು. “ಹೊಡಿಯೂದಿದ್ರ ನಾ ಹೊಡೀತೇನಿ. ನೀ ಯಾವ ಕಾಗದಕ್ಕ ಸಹಿ ಮಾಡೀದಿ?”

ಭೀಮಪ್ಪ ಅವಳನ್ನು ತಳ್ಳಿದ. ಅಷ್ಟೇ. ನಾಲ್ವರು ಹೆಂಗಸರೂ ಅವನ ಮೇಲೆ ಬಿದ್ದರು. ಅವನ ಪರವಾಗಿ ಮಾತಾಡಿದ್ದ ಮೂವರೂ ಬಿದ್ದರು. ಒಬ್ಬಳು ಅವನ ಕೂದಲು ಹಿಡಿದಳು, ಒಬ್ಬಳು ತೋಳು ಕಚ್ಚಿದಳು, ಒಬ್ಬಳ ಕೈಗೆ ಒನಕೆ ಸಿಕ್ಕಿತು. ಅವನ ಮುಂದಿನ ಹಲ್ಲು ಮುರಿದು ನೆಲದ ಕೆಸರಿಗೆ ಬಿತ್ತು. ನನ್ನ ಕಡೆಗೆ ಕೈ ಚಾಚಿದ. ನಾನು ಹೋಗಿ ಬಿಡಿಸಿದೆನೋ, ನಿಂತೇ ಇದ್ದೆನೋ, ಈಗ ಹೇಳಲಾರೆ. ಬಿಡಿಸಿದ ಹಾಗೆ ನೆನಪಿದೆ. ಅದಕ್ಕೇ ನನಗೆ ಅನುಮಾನ. ದಲಾಲಿ ಗಾಡಿಯ ಹಲಗೆಯನ್ನೂ ಎತ್ತದೆ ಓಣಿಯುದ್ದಕ್ಕೂ ಗಡಗಡ ಸದ್ದು ಮಾಡುತ್ತ ಓಡಿಹೋದ.

ಹೆಂಗಸರು ಏದುಸಿರು ಬಿಡುತ್ತ ಅಲ್ಲೇ ಕುಳಿತರು. ಯಾವಾಗ ಹೇಗೆ ಕುಳಿತರೋ, ನೋಡಿದರೆ ಕಟ್ಟೆಯ ಕೆಳಗೆ ಕೂರುವ ಸಾಲಿನಲ್ಲೇ ಕುಳಿತಿದ್ದರು, ಮಾದೇವಕ್ಕ ಮೊದಲು, ಪಕ್ಕದಲ್ಲಿ ಯಲ್ಲವ್ವ. ಮಾದೇವಕ್ಕ ತನ್ನ ಸೆರಗಿನಿಂದ ಅವಳ ತುಟಿಯ ನೆತ್ತರು ಒರೆಸಿದಳು. ಒರೆಸುತ್ತಲೇ ಬೈದಳು, ಮುಂದಿನ ವಾರದಿಂದ ಹಾಲು ಮಾರಿಯೇ ಕಂತು ತುಂಬಬೇಕು, ಒಂದು ವಾರ ತಪ್ಪಿದರೂ ಇನ್ನೊಂದು ಕೆನ್ನೆಯಿದೆ ಎಂದು.

ಮಳೆಗಾಲ ಮುಗಿಯುವಾಗ ಸಂಸ್ಥೆಯ ಡಾಕ್ಟರು ಬಂದರು. ಬಿಲ್ಲೆ ಇಲ್ಲದ ಎಮ್ಮೆಗೆ ವಿಮೆ ಇಲ್ಲ, ಉಳಿದ ಕಿವಿಗೆ ಹೊಸ ಬಿಲ್ಲೆ ಹೊಡೆಯಬೇಕು ಎಂದು ಇಕ್ಕಳ ತೆಗೆದರು. ಯಲ್ಲವ್ವ ಚಂದ್ರಿಯ ತಲೆಯ ಮುಂದೆ ನಿಂತುಕೊಂಡಳು.

“ಈ ಕಿವಿ ಅದಕ್ಕ ಇರ್ಲಿ ಬಿಡ್ರಿ,” ಎಂದಳು.

ಡಾಕ್ಟರು ನನ್ನ ಮುಖ ನೋಡಿದರು. ಅದು ಸತ್ತರೆ ನಾಲ್ವರೂ ತುಂಬಬೇಕಾಗುತ್ತದೆ ಎಂದು ನಾನು ಮಾದೇವಕ್ಕನಿಗೆ ಹೇಳಿದೆ. ಅವಳು ಎಮ್ಮೆಯ ಕಡೆ ತಿರುಗಿದಳು. ಎಮ್ಮೆ ಅವಳನ್ನು ಕಂಡು ಹಿಂದೆ ಹಿಂದೆ ಸರಿಯುತ್ತಿತ್ತು. ತುಂಬುತ್ತೇವೆ ಎಂದಳು. ನಾನು ಯಾವ ಪ್ರಬಂಧದಲ್ಲೂ ಅಂಥ ಜಾಮೀನಿನ ಮಾತು ಓದಿರಲಿಲ್ಲ. ಬೇಸಿಗೆಗೆ ಮೊದಲೇ ಕೆಲಸ ಬಿಟ್ಟು ಹೋದೆ.

ಎಷ್ಟೋ ವರ್ಷಗಳ ಮೇಲೆ ಈ ಸಲ ಹೋದಾಗ ಯಲ್ಲವ್ವನ ಮನೆಯ ಹಿಂದಿನ ಗೋಡೆ ಇಟ್ಟಿಗೆಯದಾಗಿತ್ತು. ಭೀಮಪ್ಪ ಕುರ್ಚಿ ತಂದು ಹಾಕಿದ. ನಕ್ಕಾಗ ಮುಂದಿನ ಹಲ್ಲಿನ ಜಾಗ ಖಾಲಿ ಕಂಡಿತು. ನನ್ನ ಕಣ್ಣು ಅಲ್ಲಿಗೇ ಹೋದದ್ದನ್ನು ನೋಡಿ, “ಇದಕ್ಕೂ ವಿಮಾ ಮಾಡ್ಸಬೇಕಿತ್ತ್ರಿ, ಸರ,” ಎಂದ. ಕೊಟ್ಟಿಗೆಯಲ್ಲಿ ಮೂರು ಎಮ್ಮೆ ಇದ್ದವು. ಎರಡು ಚಂದ್ರಿಯ ಮಕ್ಕಳು, ಹಣೆಯ ಚುಕ್ಕಿ ನೋಡಿದರೆ ಗೊತ್ತಾಗುತ್ತಿತ್ತು. ಚಂದ್ರಿ ಮುದಿಯಾಗಿ ಕೊಟ್ಟಿಗೆಯಲ್ಲೇ ಸತ್ತಿತ್ತು. ಹೊಲದ ಬದುವಿನಲ್ಲಿ ಹೂಳಿದ್ದಾರೆ. ಸಾಲ ಎಂದೋ ತೀರಿತ್ತು. ಯಲ್ಲವ್ವನ ತಲೆ ನರೆತಿತ್ತು. ಸುದ್ದಿ ತಿಳಿದು ಮಾದೇವಕ್ಕನೂ ಬಂದಳು, ಎಡಗೈ ಮೊಣಕೈಯಲ್ಲಿ ಸೊಟ್ಟಗೆ ಕೂಡಿಕೊಂಡಿತ್ತು.

ಚಹಾ ಕುಡಿಯುತ್ತ ಕೇಳಿದೆ, ಅವತ್ತು ನಾನು ದಂಡೆಯ ಮೇಲೆ ಇದ್ದೆನೇ ಎಂದು. ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನೀವೆಲ್ಲಿದ್ರಿ?” ಎಂದಳು ಮಾದೇವಕ್ಕ. “ನೀರು ಇಳಿದ್ಮ್ಯಾಲ ಟ್ರ್ಯಾಕ್ಟರದಾಗ ಬಂದ್ರಿ. ಹುಳ ನೋಡಿ ಗ್ವಾಡಿ ಹಿಂದ ಹೋಗಿ ಕಾರ್ಕೊಂಡ್ರಿ.”

ಸಂತೆಯಲ್ಲಿ ಬಾಯಿ ತುಂಬಿದ್ದ ಆ ನೀರು ಎಲ್ಲಿಂದ ಬಂತೆಂದು ತಿಳಿಯಿತು. ಉಳಿದದ್ದನ್ನೆಲ್ಲ ನಾನು ಇವರಿಂದ ಕೇಳಿ, ಹೇಳಿ ಹೇಳಿ, ನನ್ನದಾಗಿ ಮಾಡಿಕೊಂಡಿದ್ದೆ. ಒಂದಾದರೂ ನಿಜ ಉಳಿಯಲಿ ಎಂದು, ಕೊಯ್ದದ್ದು ಬಲಗಿವಿಯಲ್ಲವೇ ಎಂದು ಕೇಳಿದೆ. ಮಾದೇವಕ್ಕ ಹೌದೆಂದಳು, ಕೊಯ್ದವಳು ತಾನೇ ಎಂದಳು. ಭೀಮಪ್ಪ ಎಡಗಿವಿ ಎಂದ, ಹತ್ತು ವರ್ಷ ಮೇವು ಹಾಕಿದವನು ತಾನು ಎಂದ. ಇಬ್ಬರೂ ವಾದಕ್ಕೆ ಬಿದ್ದರು. ಮಾದೇವಕ್ಕ ಅವನ ಇನ್ನೊಂದು ಹಲ್ಲಿನ ಮಾತೆತ್ತಿದಳು.

ಯಲ್ಲವ್ವ ಲೋಟ ಕೆಳಗಿಟ್ಟು ಎದ್ದು ನಿಂತಳು. ಕಾಲು ಅಗಲ ಮಾಡಿ, ಕೆಸರಿನಲ್ಲಿ ನಿಂತವಳ ಹಾಗೆ ಮೊಣಕಾಲು ಬಗ್ಗಿಸಿದಳು. ಒಂದು ತೋಳಿನಿಂದ ಇಲ್ಲದ ತಲೆಯೊಂದನ್ನು ಎದೆಗೆ ಅವುಚಿಕೊಂಡಳು. ಇನ್ನೊಂದು ಕೈ ತಾನಾಗಿ ಮೇಲೆ ಹೋಗಿ, ಗಾಳಿಯಲ್ಲಿ ಒಂದು ಕಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿತು. ವಾದ ನಿಂತಿತು. ಅವಳು ಕಣ್ಣು ಮುಚ್ಚಿ, ಹಲ್ಲು ಕಚ್ಚಿದ್ದಳು.

“ಕೊಯ್ದದ್ದು ಯಾವುದೋ ನನಗ ನೆನಪಿಲ್ರಿ, ಸರ,” ಎಂದಳು. “ನಾ ಹಿಡ್ದಿದ್ದು ಇದನ್ನ.”